ಎತ್ತಬಾರದ ಫೋನು

ನಮ್ಮ ದೊಡ್ಡವ್ವ ಜಿಪುಣಿ ಎಂದು ಕೊಟ್ಟೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಜಿಪುಣರು ತಮ್ಮ ದುಡ್ಡನ್ನು ಮಾತ್ರ ಉಳಿಸುತ್ತಾರೆ. ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಎದುರು ಮನೆಯವರದ್ದು, ಬಸ್ಸಿನಲ್ಲಿ ಪಕ್ಕ ಕೂತವರದ್ದು, ಸರ್ಕಾರದ್ದು, ಒಟ್ಟಿನಲ್ಲಿ ಕಣ್ಣಿಗೆ ಬಿದ್ದವರೆಲ್ಲರ ದುಡ್ಡನ್ನೂ ಉಳಿಸುತ್ತಿದ್ದಳು. ಅವರೆಲ್ಲ ಅದಕ್ಕಾಗಿ ಸಂತೋಷಪಟ್ಟರೇ? ಅದು ಬೇರೆ ಮಾತು.

ನಾನು ಆಗ ಕೂಡ್ಲಿಗಿಯಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಕಂಡದ್ದನ್ನು ಕಂಡಷ್ಟೇ ಬರೆ, ಕೇಳಿದ್ದನ್ನು ಕೇಳಿದ್ದು ಎಂದೇ ಬರೆ ಎಂಬುದು ಸುದ್ದಿಮನೆಯ ಪಾಠ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದರಲ್ಲಿ ಹೆಚ್ಚಿನದು ಕಂಡದ್ದು, ಸ್ವಲ್ಪ ಕೇಳಿದ್ದು. ನಂಬಲು ಕಷ್ಟವಾಗುವಂಥವೆಲ್ಲ ಕಂಡವೇ.

ಕೂಡ್ಲಿಗಿಯದೇ ಒಂದನ್ನು ತೆಗೆದುಕೊಳ್ಳಿ. ಯಾವುದೋ ಕಾಗದದಲ್ಲಿ ತನ್ನ ಹೆಸರಿನ ಒಂದಕ್ಷರ ತಪ್ಪಿದೆ, ತಿದ್ದಿಸಬೇಕು ಎಂದು ದೊಡ್ಡವ್ವ ಕೊಟ್ಟೂರಿನಿಂದ ಬಂದಳು. ನಾನು ಜೊತೆಗೆ ಹೋದೆ. ಯಾವ ಕಚೇರಿ ಎನ್ನುವುದು ಬೇಡ. ಉದ್ದನೆಯ ಹಾಲು, ಸಾಲಾಗಿ ಮೇಜುಗಳು, ಮೇಜಿಗೊಂದು ಕುರ್ಚಿ, ಕುರ್ಚಿಯ ಮೇಲೊಂದು ಫ್ಯಾನು. ಫ್ಯಾನುಗಳು ಕೆಲಸ ಮಾಡುತ್ತಿದ್ದವು. ಕುರ್ಚಿಯವರು ಚಹಾಕ್ಕೆ ಹೋಗಿದ್ದರು. ದೊಡ್ಡವ್ವ ಸೀದಾ ಗೋಡೆಯ ಬೋರ್ಡಿಗೆ ಹೋಗಿ ಎಲ್ಲ ಬಟನ್ನುಗಳನ್ನೂ ಪಟಪಟನೆ ಆರಿಸಿದಳು. ಮೂಲೆಯಲ್ಲಿ, ಫೈಲುಗಳ ರಾಶಿಯ ಹಿಂದಿನಿಂದ ಒಂದು ತಲೆ ಮೇಲೆದ್ದಿತು.

"ಯಾರ್ರೀ ಅದು ಫ್ಯಾನ್ ಆರಿಸಿದ್ದು?"

"ನಾನ್ರಿ. ಖಾಲಿ ಕುರ್ಚಿಗೆ ಸೆಕಿ ಆಗ್ತೈತೇನ್ರಿ?"

"ನಾ ಅದೀನಲ್ಲಬೇ ಇಲ್ಲಿ."

"ನೀವೊಬ್ರು ಅದೀರಿ. ನಿಮ್ಮ ಮ್ಯಾಲಿಂದು ಯಾವ ಬಟನ್ನು ಹೇಳ್ರಿ, ಅದೊಂದು ಹಾಕ್ತೀನಿ."

ಅವರಿಗೆ ಗೊತ್ತಿರಲಿಲ್ಲ. ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎಲ್ಲವನ್ನೂ ಹಾಕುವುದು, ಸಂಜೆ ನೆನಪಾದರೆ ಎಲ್ಲವನ್ನೂ ಆರಿಸುವುದು, ಇಷ್ಟೇ ಅಲ್ಲಿನ ಪದ್ಧತಿ. ದೊಡ್ಡವ್ವ ಒಂದೊಂದೇ ಬಟನ್ನು ಒತ್ತಿ ನೋಡುತ್ತ ಹೋದಳು. ಉಳಿದವೆಲ್ಲ ತಿರುಗಿದವು, ಆ ಗುಮಾಸ್ತರ ತಲೆಯ ಮೇಲಿನದು ಮಾತ್ರ ಅಲುಗಲಿಲ್ಲ. ಅದು ಕೆಟ್ಟು ಎಷ್ಟು ಕಾಲವಾಗಿತ್ತೋ. ಪಾಪ, ಅಷ್ಟು ದಿನವೂ ಪಕ್ಕದ ಖಾಲಿ ಕುರ್ಚಿಯ ಗಾಳಿಯಲ್ಲಿ ನೌಕರಿ ಮಾಡಿದ್ದರು. ಅವರು ಸುಮ್ಮನೆ ಕೈಚಾಚಿ ಕಾಗದ ಇಸಿದುಕೊಂಡು, ಅಕ್ಷರ ತಿದ್ದಿ, ಮುದ್ರೆ ಒತ್ತಿ ಕೊಟ್ಟರು. ಹೋದ ದಿನವೇ ಕೆಲಸ ಆಯಿತು ಎಂದು ಸುದ್ದಿ ಕಳಿಸಿದ್ದರೆ ನಮ್ಮ ಪತ್ರಿಕೆಯವರು ಎರಡನೇ ಮೂಲದಿಂದ ಖಚಿತಪಡಿಸಿಕೊಳ್ಳದೆ ಹಾಕುತ್ತಿರಲಿಲ್ಲ.

ಮನೆಯ ಸಂಗತಿ ಕೇಳುವುದೇ ಬೇಡ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದಳು. ಹಾಗೆ ಮಾಡಿದ್ದರಲ್ಲಿ ಒಂದು ಹತ್ತಿಕೊಳ್ಳುತ್ತಿತ್ತು, ಇನ್ನೊಂದು ಮುರಿಯುತ್ತಿತ್ತು. ಲೆಕ್ಕ ಅಲ್ಲಿಗಲ್ಲಿಗೇ ಆಯಿತಲ್ಲ ಎಂದರೆ, "ಹತ್ತಿದ್ದು ಉಳೀತಲ್ಲೋ" ಎನ್ನುತ್ತಿದ್ದಳು. ಸವೆದ ಸಾಬೂನಿನ ಚೂರು ಹೊಸ ಸಾಬೂನಿನ ಬೆನ್ನೇರಿ ಕೂರುತ್ತಿತ್ತು. ಪೇಸ್ಟಿನ ಟ್ಯೂಬನ್ನು ಕೈಯಲ್ಲಿ ಹಿಂಡಿ ಆಗುವಷ್ಟು ಆದ ಮೇಲೆ ಅದು ಅಡುಗೆಮನೆಗೆ ಬಂದು ಲಟ್ಟಣಿಗೆಯ ಕೆಳಗೆ ಮಲಗುತ್ತಿತ್ತು. ಒಮ್ಮೆ ಅದೇ ಲಟ್ಟಣಿಗೆಯಲ್ಲಿ ಮಾಡಿದ ಹೋಳಿಗೆ ತಿಂದ ನೆಂಟರೊಬ್ಬರು, "ಏಲಕ್ಕಿ ಭಾಳ ತಂಪಗದಾವ, ಎಲ್ಲಿ ತಂದ್ರಿ?" ಎಂದು ಕೇಳಿದರು. ಇದು ಕೇಳಿದ್ದು. ಹೇಳಿದವರು ದೊಡ್ಡಪ್ಪ.

ಅನ್ನ ಮಾಡುವುದಂತೂ ಒಂದು ವಿದ್ಯೆಯೇ. ನೀರು ಕುದಿಯಲು ಶುರುವಾಗಿ ಸ್ವಲ್ಪ ಹೊತ್ತಿಗೇ ಒಲೆ ಆರಿಸಿ, ಪಾತ್ರೆಯನ್ನು ಕೌದಿಯಲ್ಲಿ ಸುತ್ತಿ ಮೂಲೆಯಲ್ಲಿ ಇಡುತ್ತಿದ್ದಳು. ಅದು ಒಳಗೇ ತನ್ನ ಕಾವಿಗೆ ತಾನು ಬೇಯುತ್ತಿತ್ತು. ನಿಜವಾಗಿಯೂ ಚೆನ್ನಾಗಿ ಬೇಯುತ್ತಿತ್ತು, ಅದನ್ನು ದಾಖಲಿಸಲೇಬೇಕು. ಒಂದು ಚಳಿಗಾಲದ ಮುಂಜಾನೆ ನಾನು ಬಂದವನು ಚಾಪೆಯ ಮೇಲೆ ಅಡ್ಡಾಗಿ, "ದೊಡ್ಡವ್ವಾ, ಒಂದು ಕೌದಿ ಕೊಡು" ಎಂದೆ.

"ಈಗ ಇಲ್ಲ, ತಡಿ."

"ಯಾಕ, ಯಾರು ಮಲಗ್ಯಾರ?"

"ಅನ್ನ ಮಲಗೈತಿ. ಅದೆದ್ದ ಮ್ಯಾಲೆ ನೀ ಮಲಗು."

ಶೇಂಗಾ ವ್ಯಾಪಾರದ ದೊಡ್ಡಪ್ಪ ಬಹಳ ಮಾತಿನವನಲ್ಲ. ಹೆಂಡತಿಯ ಬಗ್ಗೆ ಅವನು ಕೊಟ್ಟ ಹೇಳಿಕೆ ನನಗೆ ನೆನಪಿರುವುದು ಒಂದೇ: "ಎಲ್ಲಾ ಉಳಿಸ್ತಾಳಪ್ಪ. ಮಾತೊಂದು ಬಿಟ್ಟು."

ಉಜ್ಜಿನಿಯ ಬಸ್ಸಿನದು ಕೇಳಿ. ಬಸ್ಸಿನ ಟಿಕೆಟ್ಟು ಸ್ಟೇಜಿನ ಲೆಕ್ಕ. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ಒಂದು ಸ್ಟೇಜು ಮುಗಿಯುತ್ತದೆ. ಅಲ್ಲಿಗೆ ಟಿಕೆಟ್ಟು ತೆಗೆದುಕೊಂಡು ಇಳಿದು ನಡೆದರೆ ಅಷ್ಟು ದುಡ್ಡು ಉಳಿಯಿತು. ದೊಡ್ಡವ್ವ ಜೀವಮಾನದಲ್ಲಿ ಯಾವ ಊರನ್ನೂ ಬಸ್ಸಿನಲ್ಲಿ ಕೂತು ಪ್ರವೇಶಿಸಿರಲಿಲ್ಲ. ಒಂದು ಅಮಾವಾಸ್ಯೆ ಉಜ್ಜಿನಿ ದೇವರ ದರ್ಶನಕ್ಕೆ ಹೊರಟಿದ್ದೆವು. ಬಸ್ಸಿನ ತುಂಬ ಭಕ್ತರು. ದೊಡ್ಡವ್ವ ಅವರಿಗೆಲ್ಲ ಬುದ್ಧಿ ಹೇಳಲು ಶುರುಮಾಡಿದಳು. "ದೇವರ ಹತ್ರ ಗುಡಿತನಕ ಗಾಡ್ಯಾಗ ಹೋಗಬಾರದ್ರಿ. ನಡ್ಕೊಂಡು ಹೋದ್ರ ಪುಣ್ಯನೂ ಬರ್ತೈತಿ, ರೊಕ್ಕನೂ ಉಳೀತೈತಿ." ಸ್ಟೇಜು ಬಂದಾಗ ಅವಳು ಇಳಿದಳು. ಹಿಂದೆ ಅರ್ಧ ಬಸ್ಸು ಇಳಿಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಅವ್ವಾರ, ನಿಮಗ ಕೈ ಮುಗೀತೀನಿ, ನಾಳಿಂದ ಬ್ಯಾರೆ ಬಸ್ಸಿಗೆ ಬರ್ರಿ" ಎಂದ.

ಬಿಸಿಲಲ್ಲಿ ಏದುಸಿರು ಬಿಡುತ್ತ ನಡೆಯುತ್ತಿದ್ದ ಒಬ್ಬ ಮುದುಕನ ಕೈಯಲ್ಲಿ ಟಿಕೆಟ್ಟು ಕಂಡಿತು. ಉಜ್ಜಿನಿಯವರೆಗಿನ ಪೂರ್ತಿ ಟಿಕೆಟ್ಟು.

"ಅಜ್ಜಾ, ಊರತನಕ ರೊಕ್ಕ ಕೊಟ್ಟೀಯಲ್ಲ, ಯಾಕ ಇಳದಿ?"

"ಉಳೀತೈತಿ ಅಂದ್ಲಲ್ಲಪ್ಪ ಆ ಯವ್ವ."

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಈ ಮನೆಗೆ ಫೋನು ಬಂತು. ದೊಡ್ಡಪ್ಪನಿಗೆ ಬಳ್ಳಾರಿ, ಚಳ್ಳಕೆರೆಯ ಶೇಂಗಾ ಧಾರಣೆ ತಿಳಿಯಬೇಕಾಗಿತ್ತು. ಬೆಳಗಿನ ಹೊತ್ತು ವ್ಯಾಪಾರದ ಫೋನುಗಳನ್ನು ದೊಡ್ಡಪ್ಪ ಎತ್ತುತ್ತಿದ್ದ. ಅವನು ಮಂಡಿಗೆ ಹೊರಟ ಮೇಲೆ ಆ ಫೋನನ್ನು ಯಾರೂ ಎತ್ತುವ ಹಾಗಿರಲಿಲ್ಲ. ದೊಡ್ಡವ್ವನ ಕಟ್ಟಪ್ಪಣೆ.

"ಬರೂ ಫೋನಿಗೆ ನಮಗ ಬಿಲ್ಲು ಬೀಳಂಗಿಲ್ಲ ದೊಡ್ಡವ್ವಾ, ಎತ್ತಿದ್ರ ಏನಾತು?" ಎಂದು ನಾನೊಮ್ಮೆ ವಾದ ಮಾಡಿದೆ.

"ನಮಗ ಬೀಳಂಗಿಲ್ಲ. ಹಚ್ಚಿದವರಿಗೆ ಬೀಳಂಗಿಲ್ಲೇನು? ಪಾಪ, ಯಾರೋ ನಮ್ಮ ನೆನಪು ಮಾಡ್ಕೊಂಡು ಹಚ್ಚಿರತಾರ. ಅವರ ರೊಕ್ಕ ಕಳೀಲೇನು?"

ಅದಕ್ಕಾಗಿ ಅವಳು ಒಂದು ಕಟ್ಟಳೆ ಮಾಡಿ ನೆಂಟರಿಷ್ಟರಿಗೆಲ್ಲ ಕಲಿಸಿಟ್ಟಿದ್ದಳು. ಕೇಳಬೇಕಾದದ್ದನ್ನು ಎದುರುಬದುರು ಇದ್ದಾಗಲೇ ಕೇಳಿಕೊಂಡಿರಬೇಕು. ಉತ್ತರ ಮಾತ್ರ ಫೋನಿನಲ್ಲಿ. ಒಂದು ಸಲ ಹಚ್ಚಿ, ಎರಡು ಮೂರು ಬಾರಿ ಬಡಿದ ಮೇಲೆ ಕಟ್ ಮಾಡಿದರೆ ಹೌದು. ಕಟ್ ಮಾಡಿ ಮತ್ತೊಂದು ಸಲ ಹಚ್ಚಿದರೆ ಇಲ್ಲ. ಎತ್ತದಿದ್ದರೆ ಯಾರಿಗೂ ಬಿಲ್ಲಿಲ್ಲ. ಹಬ್ಬಕ್ಕೆ ಬರುತ್ತೀಯಾ? ಟ್ರಿಣ್. ಬರುತ್ತಾನೆ. ಅಮ್ಮನಿಗೆ ಜ್ವರ ಬಿಟ್ಟಿತೇ? ಟ್ರಿಣ್. ಬಿಟ್ಟಿತು. ಇಷ್ಟು ಚುಟುಕಾಗಿ ಸುದ್ದಿ ಕಳಿಸುವವರು ನಮ್ಮ ಪತ್ರಿಕೆಯಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ಒಮ್ಮೆ ಮಾತ್ರ ಕಟ್ಟಳೆ ಎಡವಿತು. ಹಡಗಲಿ ಹತ್ತಿರ ಮಾಗಳದಲ್ಲಿ ದೊಡ್ಡಪ್ಪನ ತಂಗಿಯ ಮಗಳು ಹೆರಿಗೆಗೆ ಬಂದಿದ್ದಳು. ಗಂಡಾದರೆ ಒಂದು ಸಲ, ಹೆಣ್ಣಾದರೆ ಎರಡು ಸಲ ಎಂದು ಮಾತಾಗಿತ್ತು. ಫೋನು ಒಂದು ಸಲ ಬಡಿಯಿತು. ಎರಡು ಸಲ ಬಡಿಯಿತು. ಸರಿ, ಹೆಣ್ಣು ಎನ್ನುವಷ್ಟರಲ್ಲಿ ಮೂರನೆಯ ಸಲವೂ ಬಡಿಯಿತು. ಮೂರಕ್ಕೆ ಏನರ್ಥ? ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ, "ಹುಡುಗ್ರು ಯಾರೋ ತಪ್ಪಿ ಹಚ್ಚಿರಬೇಕು" ಎಂದ. ದೊಡ್ಡವ್ವ, "ಕೂಸು ಹುಟ್ಟಿದ್ದರಾಗ ತಪ್ಪೇನ್ರಿ ಬರ್ತೈತಿ?" ಎಂದು ಮನಸ್ಸಿಗೆ ಹಚ್ಚಿಕೊಂಡು ಓಡಾಡಿದಳು. ಮಾರನೆಯ ದಿನ ಮಾಗಳದ ಕಡೆಯಿಂದ ಹೂವಿನ ಗಂಟು ತಂದವರೊಬ್ಬರು ವಿಷಯ ತಿಳಿಸಿದರು. ಅವಳಿಜವಳಿ. ಒಂದು ಗಂಡು, ಒಂದು ಹೆಣ್ಣು. ಒಂದು ಮತ್ತು ಎರಡು, ಒಟ್ಟು ಮೂರು.

ನಗುವವರು ನಕ್ಕರು. ನಗದೇ ಇದ್ದವಳು ಒಬ್ಬಳೇ, ದೊಡ್ಡವ್ವನ ಮಗಳು, ನನ್ನ ತಂಗಿ ಗಿರಿಜಾ. ಅವಳಿಗೆ ಆಗ ಗಂಡು ನೋಡುತ್ತಿದ್ದರು. ಚೆಲುವೆ, ದಾವಣಗೆರೆಯಲ್ಲಿ ಡಿಗ್ರಿ ಓದಿದವಳು, ಜೋರು ಮಾತಿಲ್ಲ. ಆದರೂ ಬಂದ ಸಂಬಂಧಗಳು ನಿಲ್ಲುತ್ತಿರಲಿಲ್ಲ. ಹಡಗಲಿ ಕಡೆಯವರು ಒಬ್ಬರು ಬಂದು ನೋಡಿ ಹೋಗಿ, ಮಧ್ಯಸ್ಥರ ಹತ್ತಿರ "ಹುಡುಗಿ ಚಲೋ ಅದಾಳ, ತಾಯಿ ಕೈ ಭಾಳ ಬಿಗಿ. ನಾಳೆ ಬಾಣಂತನಕ್ಕ ಏನ್ ಮಾಡ್ತಾರ?" ಎಂದರಂತೆ. ಕೂಡ್ಲಿಗಿ ಕಡೆಯವರು ಸೀಳಿದ ಬೆಂಕಿಕಡ್ಡಿ ಕಂಡೇ ಎದ್ದು ಹೋದರು. ಇದು ಊರಿಗೆಲ್ಲ ಗೊತ್ತಿತ್ತು. ದೊಡ್ಡವ್ವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಗಿರಿಜಾ ಅಂತೂ ಎಂದೂ ಹೇಳಲಿಲ್ಲ.

ಹೀಗಿರುವಾಗ ಹರಪನಹಳ್ಳಿಯ ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ತಂದೆ, ತಾಯಿ, ಹುಡುಗ ಮೂವರೂ ಒಂದು ಭಾನುವಾರ ಜೀಪಿನಲ್ಲಿ ಬಂದಿಳಿದರು. ನಾನು ಹಿಂದಿನ ದಿನವೇ ಬಂದು, "ದೊಡ್ಡವ್ವಾ, ನಾಳಿ ಒಂದಿನ ಏನೂ ಉಳಿಸಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಬೇಡಿಕೊಂಡಿದ್ದೆ. "ನನಗಷ್ಟು ತಿಳಿಯಂಗಿಲ್ಲೇನಲೇ ಪೇಪರಪ್ಪ" ಎಂದಿದ್ದಳು. ಜೀಪು ಬಾಗಿಲಿಗೆ ಬಂದು ನಿಂತಿತು. ಅವಳ ಮೊದಲ ಮಾತು ಬೀಗರಿಗಲ್ಲ, ಡ್ರೈವರಿಗೆ.

"ಇಂಜಿನ್ ಬಂದ್ ಮಾಡಪ್ಪ. ನಿಂತ ಗಾಡಿ ಯಾಕ ಎಣ್ಣಿ ಕುಡೀಬೇಕು?"

ಎರಡನೆಯ ಮಾತು ಬೀಗರಿಗೆ. "ಜೀಪ್ ಯಾಕ ತಗೊಂಡ್ ಬಂದ್ರಿ? ಹರಪನಹಳ್ಳಿಯಿಂದ ಬಸ್ಸಿಲ್ಲೇನ್ರಿ? ಊರ ಹಿಂದಿನ ಸ್ಟೇಜಿಗೆ ಇಳದಿದ್ರ ನಮ್ಮ ಮನಿ ಹತ್ರನ ಆಗ್ತಿತ್ತು."

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ಹುಡುಗನ ತಂದೆ, ದಪ್ಪ ಮೀಸೆಯ ಗಂಭೀರ ಮನುಷ್ಯ, ಮೀಸೆಯನ್ನು ಒಮ್ಮೆ ಒರೆಸಿಕೊಂಡರು. ಅದರ ಅರ್ಥವೇನು ಎಂದು ನನಗೆ ತಿಳಿಯಲಿಲ್ಲ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಚಹಾ ಎಲ್ಲ ಸರಿಯಾಗಿಯೇ ಬಂದವು. ಗಿರಿಜಾ ಬಂದು ಕೂತಳು, ಎದ್ದು ಹೋದಳು. ಹುಡುಗ ಅವಳನ್ನು "ಯಾವ ಸಬ್ಜೆಕ್ಟು ಓದೀರಿ?" ಎಂದು ಕೇಳಿದ್ದಷ್ಟೇ. ಹೊರಡುವಾಗ ಎಲ್ಲರೂ ಅಂಗಳಕ್ಕೆ ಇಳಿದ ಮೇಲೆ ದೊಡ್ಡವ್ವ ಹುಡುಗನ ತಂದೆಗೆ ಕಟ್ಟಳೆ ವಿವರಿಸಿದಳು.

"ನಾಳಿ ಮಧ್ಯಾನ್ನ ತಿಳಸ್ರಿ. ಮಾತಾಡಿ ರೊಕ್ಕ ಕಳೀಬ್ಯಾಡ್ರಿ. ಹೌದಂದ್ರ ಒಂದು ಸಲ ಹೊಡದು ಬಿಟ್ಟುಬಿಡ್ರಿ. ಇಲ್ಲಂದ್ರ ಎರಡು ಸಲ."

ಮದುವೆ ಸಂಬಂಧಕ್ಕೆ ಇಂಥ ಉತ್ತರ ಕೇಳಿದ್ದನ್ನು ಅವರು ಹಿಂದೆ ಕಂಡಿರಲಾರರು. ಮೀಸೆ ಮತ್ತೊಮ್ಮೆ ಒರೆಸಿಕೊಂಡು, "ಆಗಲಿ ಬಿಡ್ರಿ ಅಕ್ಕಾರೆ" ಎಂದರು. ಜೀಪು ಹೋಯಿತು.

ಒಳಗೆ ಬಂದರೆ ಗಿರಿಜಾ ಬಾಗಿಲ ಹಿಂದೆ ನಿಂತಿದ್ದಳು. ಮುಖ ಕೆಂಪಗಿತ್ತು.

"ಅಣ್ಣಾ, ನೀ ನೋಡಿದ್ಯಾ?"

"ಏನು?"

"ಎಲ್ಲಾರೂ ಎದ್ದು ಹೋದ ಮ್ಯಾಲೆ ಅವರು ತಿರುಗಿ ಬಂದು ಫ್ಯಾನ್ ಆರಿಸಿ ಹೋದ್ರು."

ಇಷ್ಟು ಹೇಳಿ ಅವಳು ಒಳಗೆ ಓಡಿದಳು. ಈ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ತನ್ನನ್ನು ನೋಡಲು ಬಂದ ಹುಡುಗನ ಬಗ್ಗೆ ಇದಕ್ಕಿಂತ ಹೆಚ್ಚು ಏನು ಹೇಳಬಲ್ಲಳು?

ಸೋಮವಾರ ಮಧ್ಯಾಹ್ನ ದೊಡ್ಡಪ್ಪನೂ ಮಂಡಿಗೆ ಹೋಗಲಿಲ್ಲ. ನಾಲ್ವರೂ ಫೋನಿನ ಸುತ್ತ ಕೂತೆವು. ಗಿರಿಜಾ ಏನೋ ಸೊಪ್ಪು ಸೋಸುವ ನೆಪ ಮಾಡಿಕೊಂಡಿದ್ದಳು. ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದಳು. ಫೋನು ಬಡಿಯಿತು. ನಿಂತಿತು. ಒಂದು ನಿಮಿಷವಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ದೊಡ್ಡಪ್ಪ ಮೆಲ್ಲಗೆ ನಕ್ಕ. ದೊಡ್ಡವ್ವ ಎದ್ದು ಸಕ್ಕರೆ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹಿಡಿ ತುಂಬ ಸಕ್ಕರೆ ಎತ್ತಿದಳು. ಚಮಚದಲ್ಲೂ ಅಳೆದು ಹಾಕುವವಳು ಹಿಡಿ ತುಂಬ ಎತ್ತಿದ್ದನ್ನು ನಾನು ಕಂಡೆ.

ಫೋನು ಮತ್ತೆ ಬಡಿಯಿತು. ನಿಂತಿತು.

ದೊಡ್ಡವ್ವ ಸಕ್ಕರೆಯನ್ನು ಡಬ್ಬಿಗೆ ಸುರಿದು, ಅಂಗೈ ಝಾಡಿಸಿ, ಮುಚ್ಚಳ ಹಾಕಿದಳು.

"ಬ್ಯಾರೆ ಯಾರರ ಹಚ್ಚಿರಬೇಕು" ಎಂದೆ ನಾನು.

"ನಮ್ಮನಿಗೆ ಯಾರು ಹಚ್ಚತಾರಲೇ? ಎತ್ತಂಗಿಲ್ಲ ಅಂತ ಊರಿಗೇ ಗೊತ್ತೈತಿ."

"ನಾನೇ ಫೋನ್ ಮಾಡಿ ಕೇಳ್ತೀನಿ."

"ಬ್ಯಾಡ. ಫೋನಿನ್ಯಾಗ ಕೇಳಿದ್ರ ಜಾತಕ ಕೂಡಲಿಲ್ಲ ಅಂತ ಏನಾರ ಒಂದು ಹೇಳ್ತಾರ. ಸುಳ್ಳು ಕೇಳಾಕ ರೊಕ್ಕ ಯಾಕ ಕೊಡಬೇಕು?"

ಗಿರಿಜಾ ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಬೆಳಿಗ್ಗೆಯೂ ಹಸಿವಿಲ್ಲ ಎಂದಳು. ದೊಡ್ಡವ್ವ ರೊಟ್ಟಿ ಬಡಿಯುತ್ತ ಕೂತಿದ್ದವಳು ನನ್ನನ್ನು ಒಲೆಯ ಹತ್ತಿರ ಕರೆದಳು. ದನಿ ಬಹಳ ಸಣ್ಣದಾಗಿತ್ತು.

"ಖರೇ ಹೇಳು. ನನ್ನ ದೆಸಿಂದ ಆತೇನು?"

ನಾನು ಹಿಟ್ಟಿನ ಪಾತ್ರೆಯನ್ನು ಅವಳ ಹತ್ತಿರ ಸರಿಸಿದೆ.

"ಹಡಗಲಿಯವರೂ ಹಿಂಗ ಅಂದ್ರಂತ. ನನಗ ಗೊತ್ತಿಲ್ಲ ಅಂತ ತಿಳ್ಕೊಂಡೀರಿ ಎಲ್ಲಾರೂ. ಹಿತ್ತಲಗ್ವಾಡಿಗೂ ಕಿವಿ ಇರ್ತಾವು." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಹೋಗೋಣ ನಡಿ ಹರಪನಹಳ್ಳಿಗೆ."

"ಕೇಳಾಕ?"

"ಕೇಳಾಕಲ್ಲ. ಹೇಳಾಕ."

ಏನು ಹೇಳುತ್ತಾಳೆ ಎಂದು ಬಸ್ಸಿನಲ್ಲಿ ತಿಳಿಯಿತು. ಕಿಟಕಿಯ ಪಕ್ಕ ಕೂತು ತುಟಿಯಲ್ಲೇ ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದಳು. ತಪ್ಪು ನಂದು, ಹುಡುಗೀದಲ್ಲ. ಅಕಿ ನನ್ನಂಗ ಇಲ್ಲ. ಮದುವಿ ಆದ ಮ್ಯಾಲೆ ನಾ ನಿಮ್ಮ ಮನಿಗೆ ಕಾಲಿಡಂಗಿಲ್ಲ, ನಿಮಗ ನನ್ನ ಕಾಟ ಇರಂಗಿಲ್ಲ. ಕೊನೆಯ ಮಾತಿಗೆ ಬಂದಾಗಲೆಲ್ಲ ತಡವರಿಸಿ ಮೊದಲಿನಿಂದ ಶುರುಮಾಡುತ್ತಿದ್ದಳು. ಹಿಂದಿನ ಸ್ಟೇಜು ಬಂದು ಹೋಯಿತು. ಇಳಿಯುವ ಮಾತೇ ಎತ್ತಲಿಲ್ಲ. ಹರಪನಹಳ್ಳಿಯ ಬಸ್ ಸ್ಟ್ಯಾಂಡಿನವರೆಗೆ ಕೂತೇ ಬಂದಳು.

ಹುಡುಗನ ಮನೆಯ ಬಾಗಿಲು ತೆರೆದೇ ಇತ್ತು. ತಾಯಿ ಹೊರಗೆ ಬಂದು, ನಮ್ಮನ್ನು ಕಂಡು, "ಅಯ್ಯ, ಬರ್ರಿ ಬರ್ರಿ, ನಿಮ್ಮದೇ ಮಾತಾಡ್ತಿದ್ವಿ" ಎಂದರು. ದೊಡ್ಡವ್ವ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು, ಕಲಿತದ್ದನ್ನು ಮರೆಯುವ ಮೊದಲೇ ಹೇಳಿ ಮುಗಿಸಬೇಕೆಂಬಂತೆ ಒಂದೇ ಉಸಿರಿಗೆ ಹೇಳಿದಳು.

"ತಪ್ಪು ನಂದ್ರಿ, ಹುಡುಗೀದಲ್ಲ. ಅಕಿ ಕೈ ಬಿಗಿ ಇಲ್ಲ. ನೀವು ಹೂಂ ಅನ್ರಿ. ಮದುವಿ ಆದ ಮ್ಯಾಲೆ ನಾ ನಿಮ್ಮ ಮನಿಗೆ ಕಾಲಿಡಂಗಿಲ್ಲ. ಬಾಣಂತನ ಎಷ್ಟು ದೊಡ್ಡದು ಮಾಡಂತೀರಿ ಅಷ್ಟು ಮಾಡ್ತೀನಿ."

ಹುಡುಗನ ತಂದೆ ಒಳಗಿನಿಂದ ಎದ್ದು ಬಂದರು.

"ಏನ್ರಿ ಅಕ್ಕಾರೆ ಇದು? ಹೂಂ ಅಂತ ನಿನ್ನೇನೇ ಹೊಡದೀನಲ್ಲ."

"ಎರಡು ಹೊಡದ್ರಿ."

"ಒಂದು ಹೊಡದೆ."

"ಎರಡು ಬಂದಾವ್ರಿ. ನಾಲ್ಕು ಮಂದಿ ಕೇಳೀವಿ."

"ನಾನು ಹೊಡೆದದ್ದು ನನಗೆ ಗೊತ್ತಿಲ್ಲೇನ್ರಿ? ಒಂದೇ. ನೀವೇ ಯಾಕೆ ತಿರುಗಿ ಏನೂ ಹೇಳಲಿಲ್ಲ ಅಂತ ಬೆಳಗಿಂದ ನಮ್ಮ ಮನೇಲೂ ಯಾರಿಗೂ ಸಮಾಧಾನ ಇಲ್ಲ."

ಒಂದು, ಎರಡು ಎಂದು ಹೊಸ್ತಿಲ ಎರಡೂ ಕಡೆ ವಾದ ಏರುತ್ತಿರುವಾಗ ಹುಡುಗ ಶಾಲೆಯಿಂದ ಊಟಕ್ಕೆ ಬಂದ. ವಿಷಯ ಕೇಳಿದ. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು.

"ಇನ್ನೊಂದು... ನಾನು."

"ನೀನಾ?" ಎಂದರು ತಂದೆ.

"ಮಧ್ಯಾಹ್ನ ನೀವು ತೋಟದ ಕಡೆ ಹೋಗಿ ಮರೆತುಬಿಟ್ರೆ ಅಂತ... ಶಾಲೆ ಹತ್ರದ ಬೂತಿಂದ ನಾನೂ ಒಂದು ಹೊಡೆದೆ. ಹೌದು ಅಂತ."

ಮೊದಲು ಚೇತರಿಸಿಕೊಂಡವಳು ದೊಡ್ಡವ್ವ.

"ಎರಡು ಹೌದು ಕೂಡಿದ್ರ ಒಂದು ಇಲ್ಲ ಆತಲ್ಲಪ್ಪ. ಸಾಲ್ಯಾಗ ಹುಡುಗರಿಗೆ ಯಾವ ಲೆಕ್ಕ ಕಲಿಸ್ತಿ?"

ಹುಡುಗನ ತಂದೆ ಮೀಸೆ ಒರೆಸಿಕೊಂಡರು. ಆಗ ತಿಳಿಯಿತು, ಅದು ನಗು ಮುಚ್ಚಿಕೊಳ್ಳುವ ರೀತಿ. ಈ ಸಲ ಮುಚ್ಚಲಾಗಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಜೀಪಿನೋನಿಗೆ ನೀವು ಅಂದಾಗಲೇ ನಾನು ಮನೆಯೋಳಿಗೆ ಹೇಳಿದೆ ಕಣ್ರಿ. ಈ ತಾಯಿ ಮಗಳು ನಮ್ಮ ಮನೆಗೆ ಬೇಕು ಅಂತ. ಒಳಗೆ ಬರ್ರಿ ಈಗ. ಕಾಲಿಡಲ್ಲ ಅಂದೋರು ಹೊಸ್ತಿಲಲ್ಲೇ ನಿಂತೀರಲ್ಲ."

ಹುಡುಗನ ತಾಯಿ ದೊಡ್ಡವ್ವನ ಕೈ ಹಿಡಿದು ಒಳಗೆ ಕರೆದೊಯ್ದರು. ಊಟ ಮಾಡಿ ಎಂದರು. ಮೊದಲು ಮಗಳಿಗೆ ತಿಳಿಸಬೇಕು ಎಂದಳು ದೊಡ್ಡವ್ವ. "ಅದಕ್ಕೇನ್ರಿ, ಅಗೋ ಅಲ್ಲಿ ಐತೆ ಫೋನು" ಎಂದು ಅವರು ತೋರಿಸಿದರು. ದೊಡ್ಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ್ರಿ. ನಿಮಗ ಯಾಕ ಬಿಲ್ಲು?"

ಅದಕ್ಕೇ ನಾವು ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಬಂದದ್ದು. ಗಾಜಿನ ಸಣ್ಣ ಗೂಡು, ಮೇಲೆ ಕೆಂಪು ಅಂಕಿಯ ಮೀಟರು. ದೊಡ್ಡಪ್ಪ ಮಂಡಿಯಲ್ಲಿರುವ ಹೊತ್ತು, ಮನೆಯಲ್ಲಿ ಗಿರಿಜಾ ಒಬ್ಬಳೇ.

"ಒಂದು ಸಲ ಹೊಡದು ಕಟ್ ಮಾಡು ದೊಡ್ಡವ್ವಾ. ಹೌದು ಅಂತ ತಿಳ್ಕೊಂತಾಳ."

"ಏನು ತಿಳ್ಕೊಂತಾಳ? ನಿನ್ನೆ ಒಂದು ಬಂದಾಗ ತಿಳ್ಕೊಂಡಿದ್ಲಲ್ಲ. ಇವತ್ತು ಒಂದು ಹೊಡದ್ರ, ಎರಡನೇದು ಯಾವಾಗ ಬರ್ತೈತಿ ಅಂತ ಸಂಜಿತನಕ ಕುಂದ್ರತಾಳ."

ಅವಳೇ ನಂಬರು ಒತ್ತಿದಳು. ಆ ಕಡೆ ಬಡಿಯತೊಡಗಿತು. ಬಡಿಯಿತು. ಬಡಿಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಹೇಗೆ ಎತ್ತುತ್ತಾಳೆ? ಎತ್ತಬಾರದು ಎಂದು ತಾಯಿಯೇ ಕಲಿಸಿದ್ದಳಲ್ಲ. ಫೋನಿನ ಮುಂದೆ ಕೈಕಟ್ಟಿಕೊಂಡು, ಅದು ಯಾವಾಗ ನಿಲ್ಲುತ್ತದೆ, ನಿಂತು ಮತ್ತೆ ಯಾವಾಗ ಬಡಿಯುತ್ತದೆ ಎಂದು ಆ ಹುಡುಗಿ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ದೊಡ್ಡವ್ವನಿಗೂ ಕಟ್ಟಿರಬೇಕು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇದು ತಾನಾಗಿ ನಿಂತುಹೋದರೆ ಮತ್ತೆ ಹಚ್ಚುವ ಹಾಗಿಲ್ಲ. ಮತ್ತೆ ಹಚ್ಚಿದರೆ ಅದು ಎರಡನೆಯದು.

"ಎತ್ತವ್ವಾ" ಎಂದಳು ದೊಡ್ಡವ್ವ. "ಎತ್ತು. ಗಿರಿಜಾ, ಎತ್ತು ನನ್ನವ್ವ. ಈ ಸಲ ಎತ್ತು."

"ಅವ್ವಾರ, ಎತ್ತೂತನಕ ಅವರಿಗೆ ನಿಮ್ಮ ಮಾತು ಕೇಳಂಗಿಲ್ಲ" ಎಂದ ಬೂತಿನವನು.

"ಎತ್ತವ್ವಾ."

ಕಟಕ್ ಎಂದಿತು. ಮೀಟರಿನಲ್ಲಿ ಕೆಂಪು ಅಂಕಿ ಹೊತ್ತಿಕೊಂಡಿತು. ಒಳಗಿನಿಂದ ಹೆದರಿದ ಸಣ್ಣ ದನಿ ನನಗೂ ಕೇಳಿಸಿತು. "ಯಾರು?"

"ಗಿರಿಜಾ" ಎಂದು ದೊಡ್ಡವ್ವ ಅಷ್ಟಕ್ಕೇ ನಿಂತಳು. ಅಂಕಿ ಬದಲಾಯಿತು. ಮತ್ತೆ ಬದಲಾಯಿತು. ನಾನು ಭುಜ ತಟ್ಟಿದೆ.

"ಅವ್ವಾ, ನೀನಾ? ಏನಾತು? ಲಗೂನ ಹೇಳಬೇ, ರೊಕ್ಕ ಓಡ್ತಾವು."

"ಹೌದಂತವ್ವಾ" ಎಂದಳು ದೊಡ್ಡವ್ವ. "ಇಬ್ಬರೂ ಹೌದಂದಾರ. ಅವರಪ್ಪನೂ, ಹುಡುಗನೂ."

ಆ ಕಡೆಯಿಂದ ಅಳುತ್ತಿರುವುದು ಕೇಳಿಸುತ್ತಿತ್ತು. ದೊಡ್ಡವ್ವ ಮೀಟರಿಗೆ ಬೆನ್ನು ಮಾಡಿ, ಗಾಜಿಗೆ ಒರಗಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಳಬ್ಯಾಡ. ನಿನ್ನೆಯಿಂದ ಹೊಟ್ಟಿಗೆ ಏನೂ ಇಲ್ಲ ನಿನಗ. ಬುಟ್ಟ್ಯಾಗ ರೊಟ್ಟಿ ಅದಾವ, ಹೋಗು, ಒಂದು ತಿಂದು ಬಾ. ಹೋಗವ್ವಾ, ನಿಧಾನಕ ತಿನ್ನು. ನಾ ಹಿಡ್ಕೊಂಡಿರ್ತೀನಿ."